ಪ್ರ: ಮಗಳಿಗೆ ಅಮೆರಿಕದ ಕ್ಯಾಲ್ವಿನ್ ಯೂನಿವರ್ಸಿಟಿ ಸೀಟು ಸಿಕ್ಕಿದೆ, ನಾವು ಲಿಂಗಾಯತರು, ಚರ್ಚಿಗೆ ಹೋಗು ಅಂತ ಒತ್ತಾಯ ಮಾಡ್ತಾರಾ?

ಒತ್ತಾಯ ಇಲ್ಲ ಸಾರ್. ಅಲ್ಲಿ ವಾರದ ದಿನ ಬೆಳಗ್ಗೆ ಚಾಪೆಲ್, ಅಂದರೆ ಪ್ರಾರ್ಥನಾ ಸಭೆ, ನಡೆಯುತ್ತೆ, ಇಪ್ಪತ್ತು ನಿಮಿಷದ್ದು. ಹೋದರೆ ಹೋಗಬಹುದು, ಹಾಜರಿ ಹಾಕಲ್ಲ. ಇದನ್ನ ಎಲ್ಲ ಕ್ರಿಶ್ಚಿಯನ್ ಕಾಲೇಜಿಗೂ ಅನ್ವಯಿಸಬೇಡಿ. ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ ಚಾಪೆಲ್ ಕಡ್ಡಾಯ, ನಡತೆಯ ಕರಾರಿಗೆ ವಿದ್ಯಾರ್ಥಿಗಳೇ ಸಹಿ ಹಾಕಬೇಕು. ಕ್ಯಾಲ್ವಿನ್‌ನಲ್ಲಿ ಧರ್ಮದ ಕರಾರು ಮೇಷ್ಟ್ರುಗಳಿಗೆ, ಮಕ್ಕಳಿಗಲ್ಲ.

ಆದರೆ ಒಂದು ಮಾತು. ಬೈಬಲ್, ದೇವತಾಶಾಸ್ತ್ರದ ಪೇಪರ್‌ಗಳು ಎಲ್ಲರಿಗೂ ಇವೆ, ಇಂಜಿನಿಯರಿಂಗ್‌ನವರಿಗೂ. ಅದು ಪರೀಕ್ಷೆಗೆ ಓದುವ ವಿಷಯ. ವಚನ ಓದಿಕೊಂಡು ಬೆಳೆದ ಹುಡುಗಿಗೆ ಅಲ್ಲಿ ವಾದ ಮಾಡೋಕೆ ಸರಕು ಕಮ್ಮಿ ಇರಲ್ಲ ಬಿಡಿ!

ಊರು ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್. 1876ರಲ್ಲಿ ಡಚ್ ವಲಸಿಗರ ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚು ಅನ್ನೋ ಪ್ರೊಟೆಸ್ಟಂಟ್ ಪಂಗಡ ಈ ಕಾಲೇಜನ್ನ ಶುರು ಮಾಡಿದ್ದು, ಹೆಸರಲ್ಲಿ 'ಯೂನಿವರ್ಸಿಟಿ' ಬಂದಿದ್ದು 2019ರಲ್ಲಿ. ಹೆಸರು ನೋಡಿ ದೊಡ್ಡದು ಅಂದ್ಕೋಬೇಡಿ, ನಮ್ಮ ಬೆಂಗಳೂರಿನ ಕೆಲವು ಕಾಲೇಜುಗಳೇ ಅದಕ್ಕಿಂತ ದೊಡ್ಡವು. ಚಿಕ್ಕದಾಗಿರೋದೇ ಲಾಭ: ಪ್ರೊಫೆಸರ್‌ಗೆ ಹೆಸರು ಹಿಡಿದು ಗೊತ್ತಿರ್ತಾಳೆ, ಶಿಫಾರಸು ಪತ್ರ ಬರೆಯೋವಾಗ ಅದು ಕಾಣುತ್ತೆ. ಆದರೆ ಕಂಪನಿಗಳು ಸಾಲುಗಟ್ಟಿ ಬರಲ್ಲ, ಇಂಟರ್ನ್‌ಶಿಪ್ ಅವಳೇ ಹುಡುಕಬೇಕು.

ಮೊದಲೆರಡು ವರ್ಷ ಹಾಸ್ಟೆಲ್‌ನಲ್ಲೇ ಇರಬೇಕು, ಆ ಖರ್ಚು ಲೆಕ್ಕಕ್ಕೆ ಸೇರಿಸಿ. ಸ್ಕಾಲರ್‌ಶಿಪ್ ನಾಲ್ಕೂ ವರ್ಷಕ್ಕಾ, ಎಷ್ಟು ಅಂಕ ಉಳಿಸಿಕೊಳ್ಳಬೇಕು ಅಂತ ಈಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ.

ನಿಜವಾಗಿ ಹೆದರಬೇಕಾದ್ದು ಹಿಮಕ್ಕೆ. ಮಿಷಿಗನ್ ಸರೋವರದ ಮೇಲಿಂದ ಬೀಸೋ ಗಾಳಿ ಅದನ್ನ ಹೊತ್ತು ತಂದು ಸುರಿಯುತ್ತೆ. ಬೂಟು ಇಲ್ಲಿ ಕೊಳ್ಳಬೇಡಿ, ಅಲ್ಲೇ ತಗೊಳ್ಳಲಿ.