ಕೂಗಿದ್ದೆಲ್ಲ ಗಾಳಿಗೆ ಹೋಯಿತೇ?

ಕುಮಟಾದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ಗರ್ಭಪಾತದ ಹಕ್ಕು ಕಿತ್ತುಕೊಂಡಾಗ ಅಮೆರಿಕ, ಪೋಲೆಂಡ್ ಎಲ್ಲ ಕಡೆ ಹೆಂಗಸರು ಬೀದಿಗಿಳಿದರು. ಒಂದಾದರೂ ತೀರ್ಪು ಬದಲಾಯಿತೇ? ಗಂಟಲು ನೋಯಿಸಿಕೊಂಡಿದ್ದೇ ಬಂತು.’

ಮಾಸ್ತರೇ, ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ತೀರ್ಪನ್ನು ಹೊಡೆದುಹಾಕಿತು. ಯಾರು ಎಷ್ಟು ಕೂಗಿದರೂ ಅದು ಕದಲಲಿಲ್ಲ. ಆದರೆ ನೀವು ಪೇಪರ್ ಓದುವುದನ್ನು ಅಲ್ಲಿಗೇ ನಿಲ್ಲಿಸಿದ ಹಾಗಿದೆ. ಆಗಸ್ಟ್‌ನಲ್ಲೇ ಕಾನ್ಸಾಸ್ ರಾಜ್ಯದಲ್ಲಿ ಈ ಹಕ್ಕನ್ನು ತೆಗೆಯಲು ಜನಮತ ಕೇಳಿದರು. ರಿಪಬ್ಲಿಕನ್ನರ ಭದ್ರಕೋಟೆ ಅದು. ಅಲ್ಲೇ ನೂರಕ್ಕೆ 59 ಮಂದಿ ತೆಗೆಯುವುದು ಬೇಡ ಎಂದರು. ಮನೆಮನೆ ಬಾಗಿಲು ತಟ್ಟಿದ್ದಕ್ಕೆ ಬಂದ ಫಲ ಅದು.

ಪೋಲೆಂಡಿನ ಕಥೆ ಇನ್ನೂ ಉದ್ದ. 2016ರಲ್ಲಿ ಹೆಂಗಸರು ಕಪ್ಪು ಬಟ್ಟೆ ತೊಟ್ಟು ಹೊರಬಂದರು, ಕೆಲವೇ ದಿನದಲ್ಲಿ ಸಂಸತ್ತು ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸುವ ಮಸೂದೆ ಕೈಬಿಟ್ಟಿತು. 2020ರಲ್ಲಿ ಅದರ ದೊಡ್ಡ ಪಾಲನ್ನು ಕೋರ್ಟಿನಿಂದ ಮಾಡಿಸಿದರು. ಕೊರೊನಾ ನಡುವೆಯೂ ಜನ ಬೀದಿಗಿಳಿದರು, ಸೋತರು. 2023ರ ಚುನಾವಣೆಯಲ್ಲಿ ಆಳುವ ಪಕ್ಷ ಬಹುಮತ ಕಳೆದುಕೊಂಡಿತು. ಆದರೂ ಮರುವರ್ಷ ಒಂದು ಸುಧಾರಣೆ ಮೂರೇ ಮತದಿಂದ ಬಿದ್ದುಹೋಯಿತು. ಅಡಿಕೆಯ ಕೊಳೆರೋಗಕ್ಕೆ ಒಂದೇ ಸಲ ಮದ್ದು ಹೊಡೆದು ಕೈತೊಳೆದುಕೊಳ್ಳುವ ತೋಟಿಗರು ಉಂಟೇ?

ನೀವು ಸವಿತಾ ಹಾಲಪ್ಪನವರ ಹೆಸರನ್ನೇ ಎತ್ತಲಿಲ್ಲ, ಅದು ನನಗೆ ಬೇಸರ. ನಮ್ಮ ಬೆಳಗಾವಿಯ ಹುಡುಗಿ, ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಆಕೆಗೆ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ತೆಗೆಯಿರಿ ಎಂದು ಕೇಳಿಕೊಂಡಳು. ಮಗುವಿನ ಎದೆಬಡಿತ ಇನ್ನೂ ಇದೆ, ಆಗದು ಎಂದರು. ನಂಜೇರಿ ಸತ್ತಳು, 31ನೇ ವಯಸ್ಸಿಗೆ. ಅಲ್ಲಿನ ಜನ ಆಕೆಯ ಫೋಟೊ ಹಿಡಿದು ನಡೆದರು, ಮತ್ತೆ ಮತ್ತೆ ನಡೆದರು. 2018ರ ಮೇನಲ್ಲಿ ನೂರಕ್ಕೆ 66 ಮಂದಿ ಮತ ಹಾಕಿ ಗರ್ಭಪಾತ ತಡೆದಿದ್ದ ಸಂವಿಧಾನದ ಕಲಮನ್ನೇ ಕಿತ್ತರು. ಇದೂ ಬರೀ ಗಂಟಲು ನೋವೇ?

ಮೇಲಾಗಿ ನೀವು ನಮ್ಮ ಉತ್ತರ ಕನ್ನಡ ಜಿಲ್ಲೆಯವರು! 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ಕೊಡಲಿ ತಡೆದರು. ಕೈಗಾ ಅಣುಸ್ಥಾವರ ತಡೆಯಲು ಹೋಗಿ ಸೋತೆವು, ಅದೂ ನಿಜ. ಆದರೆ ಹೋರಾಟ ಸುಮ್ನೆ ಎಂದು ಇಲ್ಲಿಯವರೇ ಹೇಳಿದರೆ ಹೇಗೆ?

ನನ್ನ ಸಿಟ್ಟು ಬೇರೆಯೇ ಇದೆ. ನಮ್ಮಲ್ಲಿ 1971ರಿಂದ ಕಾನೂನು ಇದೆ, 2021ರಲ್ಲಿ ಕೆಲವರಿಗೆ 24 ವಾರದವರೆಗೂ ಅವಕಾಶ ಆಯಿತು. ವೈದ್ಯರ ಅಭಿಪ್ರಾಯದ ಜೊತೆ ಪ್ರಾಯಕ್ಕೆ ಬಂದ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಆದರೂ ಜೋಯಿಡಾ ಕಡೆಯ ಒಬ್ಬಳಿಗೆ ಒಂದು ಆಸ್ಪತ್ರೆಯಲ್ಲಿ ‘ಗಂಡನ ಸಹಿ ತಾ’ ಎಂದು ವಾಪಸ್ ಕಳಿಸಿದ್ದರಂತೆ. ಗಂಡ ಗೋವಾದಲ್ಲಿ ದುಡಿಯುವವನು. ಇಲ್ಲಿ ಹಕ್ಕು ಕಿತ್ತುಕೊಳ್ಳಲು ಕೋರ್ಟೂ ಬೇಕಿಲ್ಲ, ಕೌಂಟರಿನಲ್ಲಿ ಕೂತ ಒಬ್ಬ ಗುಮಾಸ್ತ ಸಾಕು. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುವ ಜಿಲ್ಲೆ ಇದು. ಆಸ್ಪತ್ರೆ ಬೇಕು ಎಂದು 2022ರಲ್ಲಿ ನಾವೂ ಕೂಗಿದೆವು. ಆಮೇಲೆ ಜಾಸ್ತಿ ಜನ ಮನೆಗೆ ಹೋಗಿ ಮಲಗಿದರು, ಅಲ್ವಾ?

ನಿಮಗೊಂದು ಕೆಲಸ ಹೇಳುತ್ತೇನೆ, ಮಾಸ್ತರೇ. ನಿಮ್ಮೂರ ಸರ್ಕಾರಿ ಆಸ್ಪತ್ರೆಗೆ ಹೋಗಿ, ಈ ಸೇವೆ ವಾರದಲ್ಲಿ ಯಾವ ದಿನ ಸಿಗುತ್ತದೆ, ಯಾರ ಸಹಿ ಕೇಳುತ್ತಾರೆ ಎಂದು ವಿಚಾರಿಸಿ ಬರೆಯಿರಿ. ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.

– ಸಂಪಾದಕ