ಹಳೇ ಗಿಬ್ಸನ್ ಬ್ಯಾಂಜೋ ತಗೊಳ್ಳುವ ಮುಂಚೆ ಅದರ ಬೆನ್ನು ಬಿಚ್ಚಿ ನೋಡಿ

"1930ರ ದಶಕದ ಗಿಬ್ಸನ್ ಮಾಸ್ಟರ್‌ಟೋನ್, ಐದು ತಂತಿ, ಎಲ್ಲಾ ಒರಿಜಿನಲ್" ಅಂತ ಒಬ್ಬರು ಮಾರುತ್ತಿದ್ದಾರೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. (ಮಾಸ್ಟರ್‌ಟೋನ್ ಅಂದರೆ ಅಮೆರಿಕದ ಗಿಬ್ಸನ್ ಕಂಪನಿಯ ಮೇಲ್ದರ್ಜೆಯ ಬ್ಯಾಂಜೋ.) ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಅದು ಹುಟ್ಟುವಾಗಲೇ ಐದು ತಂತಿಯದ್ದಾ?

ಆ ಕಾಲದಲ್ಲಿ ಮಿಶಿಗನ್‌ನ ಕ್ಯಾಲಮಜೂನಲ್ಲಿದ್ದ ಗಿಬ್ಸನ್ ಕಾರ್ಖಾನೆಯಿಂದ ಹೊರಬಂದಿದ್ದು ಜಾಸ್ತಿ ನಾಲ್ಕು ತಂತಿಯ ಟೆನರ್ ಬ್ಯಾಂಜೋಗಳೇ. ಡ್ಯಾನ್ಸ್ ಬ್ಯಾಂಡಿನವರಿಗೆ ಅದೇ ಬೇಕಿತ್ತು. ಐದು ತಂತಿ ಬ್ಯಾಂಜೋ ಮೆರೆಯುವ ಬ್ಲೂಗ್ರಾಸ್ ಸಂಗೀತ ಆಗಿನ್ನೂ ಹುಟ್ಟೇ ಇರಲಿಲ್ಲ ಅಲ್ವಾ. 1945ರ ಕೊನೆಯಲ್ಲಿ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್, ಬ್ಲೂಗ್ರಾಸ್ ಪಿತಾಮಹ ಬಿಲ್ ಮನ್ರೋ ಅವರ ತಂಡ ಸೇರಿದರು. ಅವರು ಮೂರು ಬೆರಳಲ್ಲಿ ನುಡಿಸಿದ್ದು ಕೇಳಿದವರಿಗೆಲ್ಲ ಐದು ತಂತಿಯೇ ಬೇಕಾಯಿತು. ಸಿಕ್ಕ ಟೆನರ್‌ಗಳ ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆ ಕೈ) ಕಿತ್ತು, ಐದು ತಂತಿಯ ಹೊಸ ನೆಕ್ ಕೂರಿಸತೊಡಗಿದರು. ಇದಕ್ಕೆ ಕನ್ವರ್ಷನ್ ಅಂತಾರೆ. ಹೇಳಿ ಮಾರಿದರೆ ಮೋಸವೇನಲ್ಲ, ನಾನು ನುಡಿಸುವುದೂ ಅಂಥದ್ದನ್ನೇ. ಆದರೆ ಒರಿಜಿನಲ್ ಬೆಲೆ ಕೊಡಬೇಡಿ.

ಆಮೇಲೆ ಟೋನ್ ರಿಂಗ್. ಬ್ಯಾಂಜೋ ಮುಖಕ್ಕೆ ಬಿಗಿದ ಚರ್ಮದ ಕೆಳಗೆ, ಮರದ ದುಂಡು ಚೌಕಟ್ಟಿನ (ರಿಮ್) ಮೇಲೆ ಕೂರುವ ಲೋಹದ ಬಳೆ ಅದು. ಆರ್ಚ್‌ಟಾಪ್ ಬಳೆಯಾದರೆ ಚರ್ಮದ ಅಂಚು ಇಳಿಜಾರಾಗಿರುತ್ತೆ, ದನಿ ಚುರುಕು. ಫ್ಲಾಟ್‌ಹೆಡ್ ಆದರೆ ಚರ್ಮ ಅಂಚಿನವರೆಗೂ ಸಪಾಟು, ದನಿ ತುಂಬಿಕೊಂಡಿರುತ್ತೆ. ಸ್ಕ್ರಗ್ಸ್ ಅವರ ಗ್ರಾನಡಾದಲ್ಲಿ (ಮಾಸ್ಟರ್‌ಟೋನ್‌ನದೇ ಒಂದು ಮಾದರಿ) ಇದ್ದದ್ದು ಫ್ಲಾಟ್‌ಹೆಡ್. ಅದಕ್ಕೇ ಈ ಪಾಟಿ ಗಿರಾಕಿ. (ಆ ಗ್ರಾನಡಾ ಅದಕ್ಕೂ ಮುಂಚೆ ಬ್ಯಾಂಜೋ ವಾದಕರಾದ ಸ್ನಫಿ ಜೆಂಕಿನ್ಸ್ ಹತ್ತಿರ, ಆಮೇಲೆ ಡಾನ್ ರೀನೋ ಹತ್ತಿರ ಇತ್ತು. ರೀನೋ ಅದನ್ನು ಸ್ಕ್ರಗ್ಸ್‌ಗೆ ಅದಲು ಬದಲು ಮಾಡಿ ಕೊಟ್ಟರು. ಆಮೇಲೆ ಎಷ್ಟು ಕೈ ಹಿಸುಕಿಕೊಂಡರೋ!)

ನಾನು ಮೋಸ ಹೋಗಿದ್ದು ಇಲ್ಲೇ. ಫ್ಲಾಟ್‌ಹೆಡ್ ಅಂತ ಹೇಳಿದ್ದನ್ನು ನಂಬಿ ದುಡ್ಡು ಕೊಟ್ಟೆ. ಚರ್ಮ ಬದಲಿಸಲು ಬಿಚ್ಚಿದಾಗ ಬಳೆ ಎತ್ತಿ ನೋಡಿದೆ. ರಿಮ್ಮಿನ ಹೊರಮೈ ಹಳೇ ಜೇನಿನ ಬಣ್ಣ. ಬಳೆ ಕೂರುವ ಜಾಗದಲ್ಲಿ ಮಾತ್ರ ಮರ ಬೆಳ್ಳಗೆ, ನಿನ್ನೆ ಕೊರೆದ ಹಾಗೆ! ಆರ್ಚ್‌ಟಾಪ್ ರಿಮ್ಮನ್ನು ಕೊರೆದು ಹೊಸ ಫ್ಲಾಟ್‌ಹೆಡ್ ಬಳೆ ಇಳಿಸಿದ್ದರು. ಹಳೇ ಬಳೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಒಮ್ಮೆ ಕೊರೆದ ಮರ ಮತ್ತೆ ಬೆಳೆಯಲ್ಲ.

ಹಾಗಾಗಿ ಸುಮ್ನೆ ಮುಂದಿನ ಫೋಟೋ ನೋಡಿ ಮರುಳಾಗಬೇಡಿ. ಹಿಂದಿನ ಬಟ್ಟಲಿನಂಥ ಮರದ ಮುಚ್ಚಳವನ್ನು (ರೆಸೊನೇಟರ್) ಹಿಡಿದಿರುವುದು ನಾಲ್ಕು ಸ್ಕ್ರೂ, ಬೆರಳಲ್ಲೇ ತಿರುಗಿಸಬಹುದು. ತೆಗೆಸಿ, ರಿಮ್ ಒಳಗಿನ ಸಂಖ್ಯೆಯ ಫೋಟೋ ಕೇಳಿ. ಸ್ಕ್ರಗ್ಸ್ ಅವರದ್ದು 9584-3, ಆ ಥರದ್ದು. ರೆಸೊನೇಟರ್ ಒಳಗೆ ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ ಇದ್ದರೆ ಎರಡೂ ತಾಳೆಯಾಗಬೇಕು. ನೆಕ್ ಬುಡದ ಮರ, ಬಣ್ಣ ರೆಸೊನೇಟರ್‌ಗೆ ಹೊಂದುತ್ತಾ ನೋಡಿ. ಚರ್ಮ ಬಿಚ್ಚಿ ತೋರಿಸಲು ಒಪ್ಪದಿದ್ದರೆ, ಒಪ್ಪದೇ ಇರಬಹುದು, ವಾಪಸ್ ಕೊಡುವ ಮಾತನ್ನಾದರೂ ಬರೆಸಿಕೊಳ್ಳಿ. "ಸ್ಕ್ರೂ ಬಿಗಿಯಾಗಿದೆ, ಬರಲ್ಲ" ಅಂದರೆ ಆಸಾಮಿಗೆ ಕೈ ಮುಗಿದು ಬಂದುಬಿಡಿ.

ಫೋಟೋ ಸಿಕ್ಕರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.