ಓದುಗರ ಪ್ರಶ್ನೆ, ತಜ್ಞರ ಉತ್ತರ: ಕಾಲೇಜ್ ಫುಟ್‌ಬಾಲ್‌ನಲ್ಲಿ ಯಾವ ವರ್ಷದ ಬ್ಯಾಚ್ ಶ್ರೇಷ್ಠ?

ಪ್ರಶ್ನೆ: ನಾವು ಬಹುಕಾಲದಿಂದ ಹ್ಯೂಸ್ಟನ್‌ನಲ್ಲಿ ನೆಲೆಸಿದ್ದೇವೆ. ಮಗಳು ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದಿದವಳು. ಅವಳಿಂದಾಗಿ ನಮಗೂ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿದಿದೆ. 2022ರಲ್ಲಿ ಆ ತಂಡ ಹೈಸ್ಕೂಲುಗಳಿಂದ ಸೇರಿಸಿಕೊಂಡ ಹುಡುಗರ ಬ್ಯಾಚ್ ಇತಿಹಾಸದಲ್ಲೇ ಶ್ರೇಷ್ಠ ಎಂದು ಎಲ್ಲರೂ ಹೊಗಳಿದರು. ಅದೇ ವರ್ಷ ತಂಡ ಐದು ಪಂದ್ಯ ಗೆದ್ದು ಏಳು ಸೋತಿತು. ಹಾಗಾದರೆ ಈ ರ‍್ಯಾಂಕಿಂಗ್‌ಗಳಿಗೆ ಅರ್ಥವಿದೆಯೇ? ಬೇರೆ ಬೇರೆ ವರ್ಷಗಳ ಬ್ಯಾಚ್‌ಗಳನ್ನು ಹೋಲಿಸುವುದಾದರೂ ಹೇಗೆ?

ಉತ್ತರ: ಅರ್ಥವಿದೆ. ಆದರೆ ರ‍್ಯಾಂಕಿಂಗ್ ಹೇಳುವುದು ಒಂದು, ಅಭಿಮಾನಿಗಳು ಕೇಳಿಸಿಕೊಳ್ಳುವುದು ಇನ್ನೊಂದು. ‘ಶ್ರೇಷ್ಠ ಬ್ಯಾಚ್’ ಎಂದು ಪ್ರಕಟವಾಗುವ ಹೊತ್ತಿಗೆ ಆ ಹುಡುಗರು ಕಾಲೇಜಿನ ಪರವಾಗಿ ಒಂದು ಪಂದ್ಯವನ್ನೂ ಆಡಿರುವುದಿಲ್ಲ. ಹದಿನೇಳು ಹದಿನೆಂಟರ ಹುಡುಗರು ಮುಂದೆ ಏನಾದಾರು ಎಂಬ ಅಂದಾಜು ಅದು. ಅಂದಾಜುಗಳಲ್ಲಿ ಒಳ್ಳೆಯ ಅಂದಾಜೇ ಹೌದು, ಆದರೆ ಫಲಿತಾಂಶವಲ್ಲ.

ಅಂದಾಜು ಹುಟ್ಟುವ ಬಗೆಯನ್ನು ಮೊದಲು ನೋಡೋಣ. 247ಸ್ಪೋರ್ಟ್ಸ್‌ನಂಥ ಸಂಸ್ಥೆಗಳು ಹೈಸ್ಕೂಲ್ ಆಟಗಾರರ ವಿಡಿಯೊ ನೋಡಿ, ಶಿಬಿರಗಳಿಗೆ ಹೋಗಿ ಒಬ್ಬೊಬ್ಬರಿಗೂ ಅಂಕ ಕೊಡುತ್ತವೆ. ಹಲವು ಸಂಸ್ಥೆಗಳ ಅಂಕಗಳನ್ನು ಒಟ್ಟುಗೂಡಿಸಿದ ಸಂಯುಕ್ತ ಅಂಕವೂ ಇದೆ; ಜನ ಹೆಚ್ಚಾಗಿ ಉಲ್ಲೇಖಿಸುವುದು ಅದನ್ನೇ. ತಂಡದ ಮೊತ್ತ ಬರಿಯ ಕೂಡುವ ಲೆಕ್ಕವಲ್ಲ. ಅತ್ಯುತ್ತಮ ಆಟಗಾರನ ಅಂಕಕ್ಕೆ ಪೂರ್ಣ ತೂಕ, ಆಮೇಲಿನವರಿಗೆ ಇಳಿಯುತ್ತಾ ಹೋಗುವ ತೂಕ. ಹೀಗಾಗಿ ಇಪ್ಪತ್ತೈದನೆಯ ಹುಡುಗನಿಂದ ಮೊತ್ತ ಹೆಚ್ಚೇನೂ ಏರುವುದಿಲ್ಲ. ಈ ಲೆಕ್ಕದಲ್ಲಿ 2021ರ ಅಲಬಾಮಾ ಬ್ಯಾಚ್ ಸುಮಾರು 328 ಅಂಕ ಪಡೆದು ದಾಖಲೆ ಮಾಡಿತು. ಮರುವರ್ಷ ನಿಮ್ಮ ಮಗಳ ವಿಶ್ವವಿದ್ಯಾಲಯ ಸುಮಾರು 333 ಪಡೆದು ಅದನ್ನು ಮುರಿಯಿತು.

ಈಗ ತೊಡಕಿನ ಜಾಗಕ್ಕೆ ಬರುತ್ತೇನೆ. ಆಟಗಾರನಿಗೆ ಈ ಸಂಸ್ಥೆಗಳು ಕೊಡುವ ಅತ್ಯುನ್ನತ ದರ್ಜೆಯಾದ ಐದು ಸ್ಟಾರ್ ಎಂಬುದು ಇಂತಿಷ್ಟು ಸೆಕೆಂಡಿನಲ್ಲಿ ಓಡಿದವನಿಗೆ ತಾನಾಗಿ ಸಿಗುವ ಪದವಿಯಲ್ಲ. ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಅವು ಪ್ರತಿವರ್ಷ ಕಾಲೇಜ್ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೂ ಮೂವತ್ತೆರಡೇ ಸ್ಥಾನಗಳು. ಅದಕ್ಕೆ ತಾಳೆಯಾಗುವಂತೆ ವರ್ಷಕ್ಕೆ ಮೂವತ್ತರ ಆಸುಪಾಸಿನ ಹುಡುಗರಿಗೆ ಮಾತ್ರ ಐದು ಸ್ಟಾರ್ ಸಿಗುತ್ತದೆ. ಪ್ರತಿಭೆ ಉಕ್ಕಿ ಹರಿದ ವರ್ಷವೂ ಅಷ್ಟೇ, ಬರ ಬಿದ್ದ ವರ್ಷವೂ ಅಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ 1985ರ ರ‍್ಯಾಂಕ್ ವಿದ್ಯಾರ್ಥಿಯನ್ನೂ ಈ ವರ್ಷದ ರ‍್ಯಾಂಕ್ ವಿದ್ಯಾರ್ಥಿಯನ್ನೂ ಪಕ್ಕಪಕ್ಕ ನಿಲ್ಲಿಸಿ ಅಂಕಪಟ್ಟಿಯಿಂದಲೇ ಜಾಣರು ಯಾರೆಂದು ತೀರ್ಮಾನಿಸಿದರೆ ನಾವು ಒಪ್ಪುತ್ತೇವೆಯೇ? ತನ್ನ ವರ್ಷದವರ ನಡುವೆ ಎಷ್ಟು ಮುಂದಿದ್ದ ಎಂಬುದಷ್ಟೇ ಅಲ್ಲಿ ಖಚಿತ. 333 ದೊಡ್ಡದೋ 328 ದೊಡ್ಡದೋ ಎಂಬ ಜಗಳವೂ ಅಂಥದ್ದೇ.

ಹೀಗಾಗಿ ನನ್ನ ಮಟ್ಟಿಗೆ ಬ್ಯಾಚಿನ ನಿಜವಾದ ಅಳತೆ ಆರಂಭವಾಗುವುದು ಹುಡುಗರು ಕಾಲೇಜ್ ತಂಡ ಸೇರಲು ಸಹಿ ಹಾಕಿ ನಾಲ್ಕೈದು ವರ್ಷ ಕಳೆದ ಮೇಲೆ. ಆ ಒರೆಗಲ್ಲಿಗೆ ಹಚ್ಚಿದರೆ, ರೇಟಿಂಗ್ ಯುಗದ ಬ್ಯಾಚ್‌ಗಳಲ್ಲಿ ನಾನು ಮುಂದಿಡುವುದು ಕೋಚ್ ನಿಕ್ ಸೇಬನ್ ಅಲಬಾಮಾಕ್ಕೆ ಕರೆತಂದ 2017ರ ಹುಡುಗರನ್ನು. ಸಹಿಯ ದಿನ ಅವರ ಮೊತ್ತ ಸುಮಾರು 324. ಎ ಆಂಡ್ ಎಂ ದಾಖಲೆಗಿಂತ ಕಡಿಮೆಯೇ. ಆದರೆ ಆ ಒಂದೇ ಬ್ಯಾಚಿನಿಂದ ಎಂಟು ಮಂದಿ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. 2020ರಲ್ಲಿ ಟುವಾ ಟಾಗೊವೈಲೋವಾ, ಜೆಡ್ರಿಕ್ ವಿಲ್ಸ್, ಹೆನ್ರಿ ರಗ್ಸ್, ಜೆರಿ ಜೂಡಿ. 2021ರಲ್ಲಿ ಡೆವಾಂಟಾ ಸ್ಮಿತ್, ಮ್ಯಾಕ್ ಜೋನ್ಸ್, ಅಲೆಕ್ಸ್ ಲೆದರ್‌ವುಡ್, ನಾಜೀ ಹ್ಯಾರಿಸ್.

2018ರ ಜನವರಿ 8ರ ರಾತ್ರಿ ಅಟ್ಲಾಂಟಾದಲ್ಲಿ ನಡೆದ ರಾಷ್ಟ್ರೀಯ ಫೈನಲ್ ಪಂದ್ಯದ ವಿಡಿಯೊ ಸಿಕ್ಕಿದರೆ ದಯವಿಟ್ಟು ನೋಡಿ. ವಿರಾಮದ ಹೊತ್ತಿಗೆ ಜಾರ್ಜಿಯಾ 13–0 ಮುಂದಿತ್ತು. ಸೇಬನ್, ಚೆಂಡು ಎಸೆದು ದಾಳಿ ನಡೆಸುವ ಅನುಭವಿ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನನ್ನು ಕೂರಿಸಿ ಮೊದಲ ವರ್ಷದ ಟುವಾನನ್ನು ಇಳಿಸಿದರು. ಅವನ ಎಡಬದಿಯನ್ನು ಕಾಯುವ ಆಟಗಾರ ಗಾಯಗೊಂಡಾಗ ಆ ಜಾಗಕ್ಕೆ ಬಂದವನು ಲೆದರ್‌ವುಡ್, ಅವನೂ ಮೊದಲ ವರ್ಷದವನು. ಟುವಾನ ಮೊದಲ ಟಚ್‌ಡೌನ್ ಎಸೆತವನ್ನು ಹಿಡಿದವನು ರಗ್ಸ್. ಕೊನೆಯ ಕ್ವಾರ್ಟರ್‌ನಲ್ಲಿ ಚೆಂಡು ಹಿಡಿದು ನುಗ್ಗಿದವನು ಹ್ಯಾರಿಸ್. ಹೆಚ್ಚುವರಿ ಅವಧಿಯಲ್ಲಿ ಟುವಾ ಸಿಕ್ಕಿಬಿದ್ದು ಹದಿನಾರು ಗಜ ಹಿಂದೆ ಸರಿಯಬೇಕಾಯಿತು. ಎಲ್ಲ ಮುಗಿಯಿತು ಎನ್ನುವಾಗ ಮರು ಎಸೆತದಲ್ಲೇ 41 ಗಜ ದೂರದ ಸ್ಮಿತ್ ಕೈಗೆ ಚೆಂಡು ಸೇರಿತು. 26–23. ಹಿಂದಿನ ವರ್ಷವಷ್ಟೇ ಸಹಿ ಹಾಕಿದ ಹುಡುಗರು ಫೈನಲ್ ಒಂದನ್ನು ತಲೆಕೆಳಗು ಮಾಡಿದ್ದರು. ಅದೇ ಬ್ಯಾಚಿನ ಉಳಿದವರು ಮೂರು ವರ್ಷಗಳ ನಂತರ ಒಹಾಯೊ ಸ್ಟೇಟ್ ವಿರುದ್ಧ 52–24ರಿಂದ ಮತ್ತೊಂದು ಪ್ರಶಸ್ತಿ ಗೆದ್ದರು. ಅಷ್ಟರಲ್ಲಿ ಸ್ಮಿತ್ ವರ್ಷದ ಶ್ರೇಷ್ಠ ಕಾಲೇಜ್ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಟ್ರೋಫಿ ಪಡೆದಿದ್ದ. ಮೂರು ವರ್ಷ ಬೆಂಚಿನಲ್ಲಿ ತಾಳ್ಮೆಯಿಂದ ಕಾದ ಮ್ಯಾಕ್ ಜೋನ್ಸ್ ಕ್ವಾರ್ಟರ್‌ಬ್ಯಾಕ್ ಆಗಿದ್ದ.

ಆ ಕಾಯುವಿಕೆಯೇ ಈಗ ಅಪರೂಪ. 2018ರ ಅಕ್ಟೋಬರ್‌ನಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಿಂದ ಕಾಲೇಜು ಬದಲಿಸಿದವನು ಒಂದು ವರ್ಷ ಹೊರಗೆ ಕೂರಬೇಕಾದ ನಿಯಮ ಸಡಿಲವಾಯಿತು. ಅದೇ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. ಎ ಆಂಡ್ ಎಂನ 2022ರ ಬ್ಯಾಚ್ ಈ ಗಾಳಿಗೇ ಚದುರಿತು. ವಾಲ್ಟರ್ ನೋಲನ್ ಓಲ್ ಮಿಸ್ ಎಂದು ಕರೆಯುವ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಹೋದ, ಇವಾನ್ ಸ್ಟೂವರ್ಟ್ ಆರೆಗಾನ್‌ಗೆ, ಎಲ್.ಟಿ. ಓವರ್ಟನ್ ಅಲಬಾಮಾಕ್ಕೆ, ಕ್ವಾರ್ಟರ್‌ಬ್ಯಾಕ್ ಕಾನರ್ ವೈಗ್ಮನ್ ನಿಮ್ಮೂರಿನ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ. ಕೋಚ್ ಜಿಂಬೊ ಫಿಶರ್‌ರನ್ನು 2023ರ ನವೆಂಬರ್‌ನಲ್ಲಿ ಕೆಲಸದಿಂದ ತೆಗೆದರು. ಒಪ್ಪಂದದಂತೆ ಅವರಿಗೆ ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು.

ಹಾಗೆಂದು ಅಂಕ ಕೊಟ್ಟವರು ಕುರುಡರಾಗಿದ್ದರೇ? ಖಂಡಿತ ಇಲ್ಲ. 2025ರ ಡ್ರಾಫ್ಟ್‌ನಲ್ಲಿ ಹದಿನಾರನೆಯ ಆಯ್ಕೆ ವಾಲ್ಟರ್ ನೋಲನ್. ಅವನ ಬೆನ್ನಿಗೇ, ಹದಿನೇಳನೆಯ ಆಯ್ಕೆ ಶೆಮಾರ್ ಸ್ಟೂವರ್ಟ್. ಇಬ್ಬರೂ ಅದೇ 2022ರ ಬ್ಯಾಚಿನವರು. ಒಬ್ಬ ಹೊರಟುಹೋಗಿ ಓಲ್ ಮಿಸ್ ಆಟಗಾರನಾಗಿ ಆಯ್ಕೆಯಾದ, ಇನ್ನೊಬ್ಬ ಎ ಆಂಡ್ ಎಂನಲ್ಲೇ ಉಳಿದವನು. ಪ್ರತಿಭೆಯ ಅಂದಾಜು ಅಷ್ಟೇನೂ ತಪ್ಪಿರಲಿಲ್ಲ. ಹುಡುಗರನ್ನು ಒಟ್ಟಿಗೆ ಉಳಿಸಿಕೊಂಡು ತಂಡ ಕಟ್ಟುವ ಕೆಲಸ ನಡೆಯಲಿಲ್ಲ. ನಿಮ್ಮ ಮಗಳ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಅದರ ಭಾರವನ್ನು ಆ ಹುಡುಗರ ತಲೆಗೆ ಕಟ್ಟುವುದು ಅನ್ಯಾಯ.

ಪ್ರಶ್ನೆ: ನಾನು 1974ರಲ್ಲಿ ಎಂಜಿನಿಯರಿಂಗ್ ಓದಲು ಪಿಟ್ಸ್‌ಬರ್ಗ್‌ಗೆ ಬಂದವನು, ಅಲ್ಲಿನ ವಿಶ್ವವಿದ್ಯಾಲಯ ತಂಡದ ಟೋನಿ ಡಾರ್ಸೆಟ್ ಆಟವನ್ನು ಕಣ್ಣಾರೆ ಕಂಡವನು. ಈಗಿನ ಪಟ್ಟಿಗಳೆಲ್ಲ 2000ದ ಈಚೆಗೆ ಶುರುವಾಗುತ್ತವೆ. ಅವನಿದ್ದ ಬ್ಯಾಚಿಗೆ ಜಾಗವೇ ಇಲ್ಲವೇ?

ಉತ್ತರ: ಜಾಗ ಇರಲೇಬೇಕು, ಆದರೆ ಅದೇ ಪಟ್ಟಿಯಲ್ಲಿ ಅಲ್ಲ. ನೀವು ಕಂಡದ್ದು ಕೋಚ್ ಜಾನಿ ಮೇಜರ್ಸ್ 1973ರಲ್ಲಿ ಕಲೆಹಾಕಿದ ಬ್ಯಾಚ್. ಆಗ ಅವರು ಒಂದೇ ವರ್ಷದಲ್ಲಿ ಎಪ್ಪತ್ತಕ್ಕೂ ಹೆಚ್ಚು ಹುಡುಗರನ್ನು ಸೇರಿಸಿಕೊಂಡರು. ಸ್ಕಾಲರ್‌ಶಿಪ್‌ಗಳಿಗೆ ರಾಷ್ಟ್ರೀಯ ಮಿತಿ ಬಿಗಿಯಾಗುವ ಮುನ್ನ ಹಾಗೆ ಮಾಡಲು ಸಾಧ್ಯವಿತ್ತು. ಮುಂದೆ ಇಡೀ ತಂಡಕ್ಕೆ 105, 1978ರಿಂದ 95, ತೊಂಬತ್ತರ ದಶಕದಲ್ಲಿ 85 ಎಂದು ಮಿತಿ ಇಳಿಯಿತು. ವರ್ಷಕ್ಕೆ ಇಪ್ಪತ್ತೈದು ಹೊಸಬರು ಎಂಬ ಕಟ್ಟೂ ಬಿತ್ತು. ಇತ್ತೀಚೆಗೆ ಆ ಕಟ್ಟನ್ನು ತೆಗೆದರು. 2025ರ ನ್ಯಾಯಾಲಯದ ಒಪ್ಪಂದದ ನಂತರ ಸ್ಕಾಲರ್‌ಶಿಪ್ ಮಿತಿಯ ಬದಲು ತಂಡದ ಗಾತ್ರಕ್ಕೇ 105ರ ಮಿತಿ. ಎಪ್ಪತ್ತು ಮಂದಿಯ ಬ್ಯಾಚನ್ನೂ ಇಪ್ಪತ್ತೈದರ ಬ್ಯಾಚನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಡ್ರಾಫ್ಟ್ ಲೆಕ್ಕವೂ ಮೋಸಗೊಳಿಸುತ್ತದೆ. 1976ರವರೆಗೆ ಅದರಲ್ಲಿ ಹದಿನೇಳು ಸುತ್ತುಗಳಿದ್ದವು, ಆಮೇಲೆ ಹನ್ನೆರಡು, 1994ರಿಂದ ಏಳು. ‘ನಮ್ಮ ಕಾಲೇಜಿನ ಇಷ್ಟು ಜನ ಡ್ರಾಫ್ಟ್ ಆದರು’ ಎಂಬ ಹಳೆಯ ಸಂಖ್ಯೆಗಳನ್ನು ಇಂದಿನ ಸಂಖ್ಯೆಗಳ ಪಕ್ಕ ಇಡಬೇಡಿ. ಮೊದಲ ನೂರು ಸ್ಥಾನಗಳಲ್ಲಿ ಎಷ್ಟು ಮಂದಿ ಎಂದು ನೋಡುವುದು ಲೇಸು. ಇನ್ನೊಂದು ಅಂಶ: 1972ಕ್ಕೆ ಮೊದಲು ಫುಟ್‌ಬಾಲ್‌ನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಆಡಲು ಅವಕಾಶವೇ ಇರಲಿಲ್ಲ. ಡಾರ್ಸೆಟ್ ಒಂದು ವರ್ಷ ಮೊದಲೇ ಹುಟ್ಟಿದ್ದರೂ ತೊಂದರೆ ಇರುತ್ತಿರಲಿಲ್ಲ. ಎರಡು ವರ್ಷ ಮೊದಲಾಗಿದ್ದರೆ ಮೊದಲ ವರ್ಷ ಕಾಯಬೇಕಿತ್ತು.

ಇವೆಲ್ಲ ತಾಂತ್ರಿಕ ಮಾತು. ಇದಕ್ಕಿಂತ ಗಂಭೀರವಾದದ್ದೊಂದಿದೆ, ಅದನ್ನು ಮರೆಸಿ ಯಾರೂ ಹಳೆಯ ಬ್ಯಾಚ್‌ಗಳ ಪಟ್ಟಿ ಮಾಡಬಾರದು. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ದಶಕಗಳ ಕಾಲ ಕಪ್ಪು ಹುಡುಗರನ್ನು ತಂಡಕ್ಕೆ ಸೇರಿಸಿಕೊಳ್ಳಲೇ ಇಲ್ಲ. ಅಲಬಾಮಾ ಪರವಾಗಿ ಮೊದಲ ಕಪ್ಪು ಆಟಗಾರ ಜಾನ್ ಮಿಚೆಲ್ ಮೈದಾನಕ್ಕೆ ಇಳಿದದ್ದು 1971ರಲ್ಲಿ. ಹಿಂದಿನ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಯಾಮ್ ಕನ್ನಿಂಗ್‌ಹ್ಯಾಮ್ ಇದ್ದ ದಕ್ಷಿಣ ಕ್ಯಾಲಿಫೋರ್ನಿಯಾ ತಂಡ ಅಲಬಾಮಾವನ್ನು 42–21ರಿಂದ ಬಗ್ಗುಬಡಿದದ್ದರಿಂದಲೇ ಬಾಗಿಲು ತೆರೆಯಿತು ಎಂದು ಕಥೆ ಕಟ್ಟುತ್ತಾರೆ. ನಿಜವೆಂದರೆ ವಿಲ್ಬರ್ ಜಾಕ್ಸನ್ ಎಂಬ ಕಪ್ಪು ಆಟಗಾರ ಆ ಪಂದ್ಯಕ್ಕೆ ಮುಂಚೆಯೇ ಅಲಬಾಮಾ ಸೇರಿದ್ದ. ಮೊದಲ ವರ್ಷದವನಾದ್ದರಿಂದ ಆಡುವಂತಿರಲಿಲ್ಲ. ಐವತ್ತರ ದಶಕದ ಯಾವುದೇ ದಕ್ಷಿಣದ ತಂಡದ ‘ಶ್ರೇಷ್ಠ ಬ್ಯಾಚ್’ ಎಂದರೆ ರಾಜ್ಯದ ಪ್ರತಿಭಾವಂತರಲ್ಲಿ ಒಂದು ದೊಡ್ಡ ಪಾಲನ್ನು ಹೊರಗಿಟ್ಟು ಆರಿಸಿದ್ದು. ಅದನ್ನು ಇಂದಿನದರ ಜೊತೆ ಹೋಲಿಸಲು ಯಾವ ಸೂತ್ರವೂ ಇಲ್ಲ, ಇರಲೂ ಬಾರದು.

ನಿಮ್ಮ ಪಿಟ್ಸ್‌ಬರ್ಗ್ ತಂಡವನ್ನು ನಾನು ಇನ್ನೊಂದು ಬಗೆಯಿಂದ ಅಳೆಯುತ್ತೇನೆ. 1972ರಲ್ಲಿ ಅದು ಒಂದು ಪಂದ್ಯ ಗೆದ್ದು ಹತ್ತು ಸೋತಿತ್ತು. 1973ರ ಬ್ಯಾಚ್ ನಾಲ್ಕನೆಯ ವರ್ಷಕ್ಕೆ ಬಂದಾಗ, 1976ರಲ್ಲಿ, ಹನ್ನೆರಡಕ್ಕೆ ಹನ್ನೆರಡನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು, ಡಾರ್ಸೆಟ್‌ಗೆ ಹೈಸ್‌ಮನ್ ಬಂತು. ಪಾತಾಳದಲ್ಲಿದ್ದ ತಂಡವನ್ನು ತುದಿಗೆ ಮುಟ್ಟಿಸಿದ ಬ್ಯಾಚ್‌ಗಳ ಪಟ್ಟಿ ಮಾಡಿದರೆ ನಾನು ಅದನ್ನೇ ಮೊದಲು ಬರೆಯುತ್ತೇನೆ.

ಪ್ರಶ್ನೆ: ಬೆಂಗಳೂರಿನಲ್ಲಿ ದತ್ತಾಂಶ ವಿಶ್ಲೇಷಣೆ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಇದೇ ವಿಷಯ ಆರಿಸಿಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಳ್ಳೆಯ ವಿಷಯ ಆರಿಸಿದ್ದೀರಿ. 2002ರಿಂದ ಈಚಿನ ಬ್ಯಾಚ್‌ಗಳನ್ನಷ್ಟೇ ತೆಗೆದುಕೊಳ್ಳಿ. ಅದಕ್ಕೂ ಹಿಂದೆ ಪಟ್ಟಿಗಳನ್ನು ಮಾಡುತ್ತಿದ್ದವರು ಬೆರಳೆಣಿಕೆಯ ಉತ್ಸಾಹಿಗಳು. ಒಬ್ಬರ ಪಟ್ಟಿ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ತಂಡದ ಅಂಕವನ್ನು ಹಾಗೆಯೇ ಬಳಸದೆ, ಆ ವರ್ಷದ ಮೊದಲ ಹತ್ತು ತಂಡಗಳ ಸರಾಸರಿಗಿಂತ ಎಷ್ಟು ಮೇಲಿದೆ ಎಂದು ಲೆಕ್ಕ ಹಾಕಿ.

ಗೆಲುವು ಸೋಲಿನಿಂದ ಒಂದೇ ಬ್ಯಾಚನ್ನು ಅಳೆಯಬೇಡಿ. ಯಾವ ವರ್ಷವೂ ಮೈದಾನದಲ್ಲಿ ನಾಲ್ಕೈದು ಬ್ಯಾಚ್‌ಗಳು ಬೆರೆತಿರುತ್ತವೆ. ಬಡ್ ಎಲಿಯಟ್ ಎಂಬ ಪತ್ರಕರ್ತರ ಪ್ರಸಿದ್ಧ ‘ಬ್ಲೂ ಚಿಪ್ ಅನುಪಾತ’ ಅದಕ್ಕೇ ನಾಲ್ಕು ವರ್ಷಗಳ ಬ್ಯಾಚ್‌ಗಳನ್ನು ಒಟ್ಟಿಗೆ ನೋಡುತ್ತದೆ. ನಾಲ್ಕು, ಐದು ಸ್ಟಾರ್‌ನವರು ಅರ್ಧಕ್ಕಿಂತ ಹೆಚ್ಚಿದ್ದ ತಂಡಗಳೇ, 2024ರ ಋತುವಿನ ಒಹಾಯೊ ಸ್ಟೇಟ್‌ವರೆಗೂ, ಚಾಂಪಿಯನ್ ಆಗುತ್ತಾ ಬಂದಿದ್ದವು.

ರೇಟಿಂಗ್ ನಿರೀಕ್ಷೆಯೊಂದನ್ನು ಕೊಡುತ್ತದೆ, ಫಲಿತಾಂಶ ಅದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಬಂತು ಎಂಬುದನ್ನು ಬೇರೆಯಾಗಿ ಬರೆದಿಡಿ. ಮೊದಲನೆಯದು ಆಯ್ಕೆಯ ಗುಣ, ಎರಡನೆಯದರಲ್ಲಿ ಕೋಚ್‌ಗಳ ದುಡಿಮೆಯೂ ಸೇರಿದೆ. 2018ರಲ್ಲಿ ಜಾರ್ಜಿಯಾ ದೇಶದ ಮೊದಲ ರ‍್ಯಾಂಕಿನ ಬ್ಯಾಚ್ ಕಟ್ಟಿತು. ಅದರ ಕಿರೀಟದ ಮಣಿ ಎನಿಸಿದ್ದ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್ ಮರುವರ್ಷವೇ ಒಹಾಯೊ ಸ್ಟೇಟ್ ಸೇರಿದ. ಅದೇ ಬ್ಯಾಚಿನಲ್ಲಿ ಮೂರೇ ಸ್ಟಾರ್ ಪಡೆದು ಬಂದ ಭಾರೀ ಮೈಕಟ್ಟಿನ ಜೋರ್ಡನ್ ಡೇವಿಸ್ ಉಳಿದ, 2021ರ ಚಾಂಪಿಯನ್ ತಂಡದ ರಕ್ಷಣೆಯ ನಡುಗಂಬವಾದ, ಡ್ರಾಫ್ಟ್‌ನಲ್ಲಿ ಹದಿಮೂರನೆಯವನಾಗಿ ಹೋದ.

ಆದ್ದರಿಂದ ಪ್ರತಿ ಆಟಗಾರನಿಗೂ ಎರಡು ಕಾಲಂ ಇಡಿ: ಮೊದಲು ಸಹಿ ಹಾಕಿದ ಕಾಲೇಜು ಒಂದರಲ್ಲಿ, ಡ್ರಾಫ್ಟ್‌ಗೆ ಹೋದ ಕಾಲೇಜು ಇನ್ನೊಂದರಲ್ಲಿ. 2020ರ ಡ್ರಾಫ್ಟ್‌ನ ಮೊದಲ ಮೂವರಿಂದಲೇ ಪರೀಕ್ಷೆ ಮಾಡಿ ನೋಡಿ. ಜೋ ಬರೋ, ಚೇಸ್ ಯಂಗ್, ಜೆಫ್ ಒಕುಡಾ ಮೂವರೂ ಹೈಸ್ಕೂಲಿನಿಂದ ಸಹಿ ಹಾಕಿದ್ದು ಒಹಾಯೊ ಸ್ಟೇಟ್‌ಗೆ. ಬರೋ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಹೋಗಿ ಅಲ್ಲಿ ಹೈಸ್‌ಮನ್ ಗೆದ್ದ. ಎರಡು ಕಾಲಂಗಳ ನಡುವಿನ ಅಂತರ 2021ರ ನಂತರದ ಬ್ಯಾಚ್‌ಗಳಲ್ಲಿ ಎಷ್ಟು ಹಿಗ್ಗುತ್ತದೆ ಎಂಬುದೇ ನಿಮ್ಮ ಪ್ರಾಜೆಕ್ಟ್‌ನ ತಿರುಳಾಗಬಹುದು. ಲೆಕ್ಕ ಮುಗಿದ ಮೇಲೆ ನನಗೂ ಕಳುಹಿಸಿ, ಅದನ್ನು ನೋಡಲು ನಿಜಕ್ಕೂ ಕಾಯುತ್ತಿರುತ್ತೇನೆ.